ಅಜ್ಜಿಯ ಹೊಸ ದನಿ

ಜೂನ್ ೮

ಮೊಂಡ ತಮ್ಮನಿಗೆ,

ಸಿನಿಮಾ ನೋಡಿಕೊಂಡು ಬಂದೆ. ಮುಖ ಕೂಡ ತೊಳೆಯದೆ ಬರೆಯಲು ಕೂತಿದ್ದೇನೆ. ನಿನ್ನ ಭಾವ ಬಾಗಿಲಲ್ಲೇ "ಹೇಗಿತ್ತೇ?" ಅಂತ ಕೇಳಿದರು. ನಮ್ಮಿಬ್ಬರ ನಿಯಮ ಮದುವೆಯಾಗಿ ಇಷ್ಟು ವರ್ಷವಾದರೂ ಅವರ ತಲೆಗೆ ಹತ್ತಿಲ್ಲ. ನಾನು ನಿನಗೆ, ನೀನು ನನಗೆ ಕಾಗದ ಬರೆಯುವ ತನಕ ಮೂರನೆಯವರ ಮುಂದೆ ತುಟಿ ಬಿಚ್ಚುವ ಹಾಗಿಲ್ಲ. ಸುಮ್ಮನೆ ಕೈಯಾಡಿಸಿದೆ. ಮುಖ ನೋಡಿಯೇ ಅರ್ಥವಾಗಿರಬೇಕು, ಅಡುಗೆಮನೆಗೆ ಹೋಗಿ ಟೀ ಇಟ್ಟರು.

ಮೊದಲು ಮೂರು ಒಳ್ಳೆಯ ಮಾತು ಹೇಳಬೇಕು, ಆಮೇಲೆ ಬೈಗುಳ. ಅದೂ ನಿಯಮವೇ, ಹೇಳುತ್ತೇನೆ. 'ಗುಜರಿ ನೌಕೆ'ಯ ನಾಲ್ಕನೇ ಭಾಗ ಶುರುವಾಗುವ ರೀತಿ ನನಗೆ ತುಂಬ ಹಿಡಿಸಿತು. ಹಿಂದಿನ ಭಾಗದಲ್ಲಿ ಸುಟ್ಟುಹೋದ ನೌಕೆ ಆಕಾಶದಲ್ಲಿ ಚೂರುಚೂರಾಗಿ ತೇಲುತ್ತಿರುತ್ತದೆ, ಒಂದು ಮಾತಿಲ್ಲ, ಸಂಗೀತವಿಲ್ಲ. ಕ್ಯಾಪ್ಟನ್‌ಗೆ ವಯಸ್ಸಾಗಿರುವುದನ್ನು ಮುಚ್ಚಿಟ್ಟಿಲ್ಲ. ಏಣಿ ಹತ್ತುವಾಗ ಆಕೆ ಮಂಡಿ ಹಿಡಿದುಕೊಂಡಳಲ್ಲ, ನನ್ನ ಮಂಡಿಯೂ ಚುಳ್ ಅಂದಿತು. ಮೆಕ್ಯಾನಿಕ್ಕು ಹಳೇ ನೌಕೆಯ ನೆನಪಿನ ಪೆಟ್ಟಿಗೆ ಹುಡುಕಿ ತಂದು ಹೊಸ ನೌಕೆಗೆ ಜೋಡಿಸುವ ದೃಶ್ಯಕ್ಕೆ ಉಸಿರು ಬಿಗಿ ಹಿಡಿದು ಕೂತಿದ್ದೆ. ಮೂರಾಯಿತು. ಲೆಕ್ಕ ಚುಕ್ತಾ.

ಈಗ ಕೇಳು. ಆ ಖಳನಾಯಕ ಯಾರ ಮನೆಯ ಕೂಸು? ತಾನು ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅಂತ ಪ್ರತಿ ಸಲವೂ ವಿವರಿಸುತ್ತಾನೆ, ಪಾಠ ಒಪ್ಪಿಸುವ ಹಾಗೆ. ಅಟ್ಟಿಸಿಕೊಂಡು ಹೋಗುವ ದೃಶ್ಯ ಮುಗಿಯುವುದೇ ಇಲ್ಲ. ಡ್ರೈವಿಂಗ್ ಕಲಿಸುವವಳ ಕಾಲು ನೋಡು, ಕಲಿಯುವವರು ತಪ್ಪಿದಾಗಲೆಲ್ಲ ನನ್ನ ಕಡೆಯ ಬ್ರೇಕು ಒತ್ತಿ ಒತ್ತಿ ಅಭ್ಯಾಸ. ಥಿಯೇಟರಿನ ನೆಲ ಒತ್ತಿ ಪಾದ ಹಿಡಿದುಕೊಂಡುಬಿಟ್ಟಿದೆ. ಅಡುಗೆಯವನನ್ನು ಯಾವ ಕಾರಣವೂ ಇಲ್ಲದೆ ಸಾಯಿಸಿದರು. ಒಂದು ಮಾತಾಡಲೂ ಬಿಡಲಿಲ್ಲ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಆದರೆ ಅಜ್ಜಿ! ನಾವು ಆ ಸಿನಿಮಾಗಳನ್ನು ನೋಡಿದ್ದೇ ನೌಕೆಯೊಳಗಿಂದ ಮಾತಾಡುವ ಆ ಯಂತ್ರಕ್ಕಾಗಿ, ಎಲ್ಲರನ್ನೂ ಗದರಿಸುವ ಆ ಒಡಕು ದನಿಗಾಗಿ. ದನಿ ಕೊಟ್ಟಿದ್ದ ನಟಿ ತೀರಿಕೊಂಡರು, ಸರಿ, ಅದು ಯಾರ ಕೈಯಲ್ಲೂ ಇಲ್ಲ. ಹಾಗಂತ ಬೇರೆ ಯಾರನ್ನೋ ತಂದು ಕೂರಿಸಿ, ಇವಳೇ ಅಜ್ಜಿ ಅಂತ ನಮ್ಮ ಕಿವಿ ಮೇಲೆ ಹೂವಿಡುವುದೇ? ದನಿ ಏನು ಅಂಗಿಯೇ, ಬಿಚ್ಚಿ ಇನ್ನೊಂದು ಹಾಕಲು? ದನಿ ಹೋಯಿತು ಅಂದರೆ ಆಳೇ ಹೋದ ಹಾಗೆ. ಈ ನಕಲಿಗಿಂತ ಮೌನವೇ ವಾಸಿ. ಅಜ್ಜಿ ಇನ್ನು ಮಾತಾಡುವುದಿಲ್ಲ, ದೀಪ ಮಿನುಗಿಸುತ್ತಾಳೆ ಅಷ್ಟೇ ಅಂತ ತೋರಿಸಿದ್ದರೂ ನಾನು ಕೈಮುಗಿಯುತ್ತಿದ್ದೆ.

ನೀನು ಕಿವಿಯ ಮಿಷನ್ನಿಗೆ ಹೊಸ ಬ್ಯಾಟರಿ ಹಾಕಿಕೊಂಡು ಹೋಗಿ ನೋಡು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಮೆಸೇಜು ಕಳಿಸಿದರೆ ಹೆಬ್ಬೆರಳು ಎತ್ತಿ ತೋರಿಸಿ ತಪ್ಪಿಸಿಕೊಳ್ಳುತ್ತೀಯ. ಆದ್ದರಿಂದ ಕಾಗದವೇ ಬರಲಿ, ಪೂರ್ತಿ ಬರಲಿ.

ಟೀ ಆರಿಸಿಕೊಂಡು ಕುದಿಯುತ್ತಿರುವ
ಅಕ್ಕ


ಜೂನ್ ೨೭

ಅಕ್ಕಾ,

ನಿನ್ನ ಕಾಗದ ಓದಿದೆ. ಓದಿದೆ ಅನ್ನುವುದಕ್ಕಿಂತ ಬೈಸಿಕೊಂಡೆ ಅನ್ನಬೇಕು. ನಿರ್ದೇಶಕನ ಪಾಲಿನದೂ ನನಗೇ ಬಿತ್ತು.

ನಾನೂ ನೋಡಿದೆ, ಪರದೆಯ ಕೆಳಗೆ ಮಾತು ಬರೆದು ತೋರಿಸುವ ಆಟಕ್ಕೆ ಹೋಗಿ. ಇವಳೂ ಮಗಳು ಗುಬ್ಬಿಯೂ ಬಂದಿದ್ದರು. ಆರಂಭ ನನಗೂ ಹಿಡಿಸಿತು, ಅಲ್ಲಿ ಮಾತ್ರ ನಾನೂ ಉಳಿದವರೂ ಸಮಸಮ. ಖಳನಾಯಕನ ವಿಷಯದಲ್ಲಿ ನಿನ್ನ ಜೊತೆ ಜಗಳವಿಲ್ಲ. ಅಡುಗೆಯವನ ಸಾವಿನ ವಿಷಯದಲ್ಲಿ ಇದೆ. ಅವನು ಹಗ್ಗ ಕಟ್ಟುತ್ತ, ಅರ್ಧ ತಮಾಷೆ ಬಾಯಲ್ಲಿರುವಾಗಲೇ ಹೋದ. ಕೆಲಸದ ಜಾಗದಲ್ಲಿ ಆಗುವುದು ಹಾಗೆಯೇ ಅಕ್ಕಾ, ಭಾಷಣಕ್ಕೆ ಪುರುಸೊತ್ತು ಇರುವುದಿಲ್ಲ. ನನಗೆ ಗೊತ್ತು. ಮಾರ್ಚಿನಲ್ಲಿ ಒಂದು ಲಿಫ್ಟ್ ರಿಪೇರಿಗೆ ಹೋದಾಗ ನನ್ನ ಜೊತೆಗಾರ ಲಿಫ್ಟ್ ಓಡಾಡುವ ಬಾವಿಯೊಳಗಿಂದ "ನಿಲ್ಸು!" ಅಂತ ಕೂಗಿದ. ನನಗೆ ಕೇಳಿಸಲಿಲ್ಲ, ಗುಂಡಿ ಒತ್ತಿದೆ. ಅವನು ಕೈ ಎಳೆದುಕೊಂಡದ್ದರಿಂದ ಬೆರಳು ಉಳಿಯಿತು. ಅಂದಿನಿಂದ ನನ್ನನ್ನು ಬಿಡಿಭಾಗಗಳ ಕೌಂಟರಿನಲ್ಲಿ ಕೂರಿಸಿದ್ದಾರೆ. ನಿನಗೆ ಬರೆದಿರಲಿಲ್ಲ.

ಬರೆಯದ್ದು ಇನ್ನೊಂದಿದೆ. ಎಡಗಿವಿ ಚಿಕ್ಕಂದಿನ ಜ್ವರದಲ್ಲೇ ಹೋಯಿತು, ನಿನಗೆ ಗೊತ್ತಿರುವುದೇ. ಬಲಗಿವಿಯಲ್ಲಿ ಉಳಿದಿರುವ ಚೂರುಪಾರೂ ಮೆಲ್ಲಗೆ ಹೋಗುತ್ತದಂತೆ. ಕಿವಿಯ ಹಿಂದೆ ಕೊಯ್ದು ಒಳಗೊಂದು ಯಂತ್ರ ಕೂರಿಸಬಹುದು ಅಂದರು ಡಾಕ್ಟರು. ಕೂರಿಸಿದರೆ ಮಾತು ತಿಳಿಯುವ ಸಾಧ್ಯತೆ ಚೆನ್ನಾಗಿದೆ. ಆದರೆ ಈಗ ಉಳಿದಿರುವುದು ಬಹುಮಟ್ಟಿಗೆ ಆವತ್ತೇ ಹೋಗುತ್ತದೆ, ಆಮೇಲೆ ಕೇಳುವ ದನಿಗಳು ಈಗಿನ ದನಿಗಳಾಗಿರುವುದಿಲ್ಲ. ತಗಡು ಬಡಿದಂತೆ ಅಂತ ಕೆಲವರು ಹೇಳುತ್ತಾರೆ, ಬಾತುಕೋಳಿಯ ಹಾಗೆ ಅಂತ ಕೆಲವರು. ತಿಂಗಳುಗಟ್ಟಲೆ ಕಲಿಯಬೇಕು. ಕಾದಷ್ಟೂ ಕಲಿಯುವುದು ಕಷ್ಟ.

ಈಗ ಇವಳು ಬಲಗಿವಿಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಒಂದಿಷ್ಟು ಕೇಳಿಸುತ್ತದೆ. ಅದು ಇವಳದೇ ದನಿ, ನಾನು ಮದುವೆಯಾದವಳ ದನಿ. ಅದನ್ನು ಕೊಟ್ಟು ತಗಡು ತರಬೇಕೇ ಅನ್ನುವುದು ನನ್ನ ಭಯ. ಜುಲೈಗೆ ದಿನ ಕೊಟ್ಟಿದ್ದರು. ಮುಗಿದ ಮೇಲೆ ನಿನಗೆ ಹೇಳೋಣ ಅಂದುಕೊಂಡಿದ್ದೆ. ನಿನ್ನ ಕಾಗದ ಬಂತು. ನಾನು ಹೇಳಲಾಗದೆ ಒದ್ದಾಡುತ್ತಿದ್ದುದನ್ನು ನೀನು ಅಜ್ಜಿಯ ನೆಪದಲ್ಲಿ ನೆಟ್ಟಗೆ ಬರೆದಿದ್ದೆ. ಮಾರನೇ ದಿನ ಹೋಗಿ ಸದ್ಯಕ್ಕೆ ಬೇಡ ಅಂದು ಬಂದೆ.

ನಿನ್ನ ಮೇಲೆ ಹೊರೆ ಹೊರಿಸುತ್ತಿದ್ದೇನೆ ಅಂದುಕೊಳ್ಳಬೇಡ. ಸರಿಯಾದದ್ದನ್ನೇ ಹೇಳಿದೆ.

ಕೌಂಟರಿನ ಹಿಂದಿನಿಂದ
ತಮ್ಮ


ಜುಲೈ ೫

ಲೋ,

ತಲೆ ನೆಟ್ಟಗಿದೆಯೇನೋ ನಿನಗೆ? ನಾನು ಬರೆದದ್ದು ಸಿನಿಮಾ ಬಗ್ಗೆ! ಮೂರು ಗಂಟೆಯ ಒಂದು ಆಟದ ಬಗ್ಗೆ! ಅದನ್ನು ಹಿಡಿದುಕೊಂಡು ಆಪರೇಷನ್ ಬೇಡ ಅಂದು ಬರುವವರು ಈ ಭೂಮಿಯ ಮೇಲೆ ನೀನೊಬ್ಬನೇ.

ಕಾಗದ ಓದಿಯೇ ಕೆಲಸಕ್ಕೆ ಹೋದೆ. ಆವತ್ತು ಕಾರು ಕಲಿಯಲು ಬಂದವರೊಬ್ಬರು ಎಡಕ್ಕೆ ತಿರುಗಲಾ ಅಂದರೆ ಹೂಂ ಅಂದೆ, ಬಲಕ್ಕೆ ತಿರುಗಲಾ ಅಂದರೂ ಹೂಂ ಅಂದೆ. ಸಂಜೆ ನೇರ ಥಿಯೇಟರಿಗೆ ಹೋಗಿ ಮತ್ತೆ ನೋಡಿದೆ. ನಾನು ಮೊದಲ ದಿನದ ಗದ್ದಲದಲ್ಲಿ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹೊಸ ದನಿ ಬಹಳ ಚೆನ್ನಾಗಿದೆ. ನಿಜ ಹೇಳಬೇಕೆಂದರೆ ಹಳೆಯದಕ್ಕಿಂತ ಒಂದು ತೂಕ ಹೆಚ್ಚೇ. ಅಟ್ಟಿಸಿಕೊಂಡು ಹೋಗುವ ದೃಶ್ಯವೂ ಅಷ್ಟು ಉದ್ದವಿಲ್ಲ. ಖಳನಾಯಕನೂ ಪರವಾಗಿಲ್ಲ, ಅವನ ಮಾತಿನಲ್ಲಿ ಒಂದು ಆಳವಿದೆ.

ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಬೇರೆ ದಿನ ತೆಗೆದುಕೋ. ಮರುಮಾತಾಡಬೇಡ.

ಅಕ್ಕ


ಜುಲೈ ೧೨

ಅಕ್ಕಾ,

ಖಳನಾಯಕನ ಮಾತಿನಲ್ಲಿ ಆಳವಿದೆ ಅಂದೆಯಲ್ಲ, ಅಲ್ಲೇ ಸಿಕ್ಕಿಬಿದ್ದೆ.

ಡಾಕ್ಟರು ಸಮಾಧಾನ ಹೇಳುತ್ತಾರೆ, ಅದು ಅವರ ಕೆಲಸ. ಇವಳು ಹೇಳುತ್ತಾಳೆ, ಕೌಂಟರಿನಲ್ಲಿ ನಟ್ಟು ಬೋಲ್ಟು ಕೇಳಲು ಬಂದವರೂ ಹೇಳಿ ಹೋಗುತ್ತಾರೆ. ಸಮಾಧಾನ ಹೇಳದವಳು ಅಂತ ನೀನೊಬ್ಬಳು ಇದ್ದೆ. ನೀನೂ ಶುರು ಮಾಡಿದರೆ ನಾನು ಯಾರ ಮಾತು ನಂಬಲಿ?

ಸಿನಿಮಾದ ವಿಷಯದಲ್ಲಿ ನಾವು ಇಲ್ಲಿಯ ತನಕ ಸುಳ್ಳು ಹೇಳಿಲ್ಲ. ಈಗಲೂ ಬೇಡ.

ತಮ್ಮ


ಜುಲೈ ೨೧

ಅತ್ತಿಗೆಯವರಿಗೆ,

ನಿಮ್ಮಿಬ್ಬರ ಕಾಗದಗಳ ನಡುವೆ ನಾನು ಯಾವತ್ತೂ ತಲೆ ಹಾಕಿದವಳಲ್ಲ. ಅಕ್ಕ ತಮ್ಮಂದಿರ ಹುಚ್ಚು, ಇರಲಿ ಅಂತ ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ತಮ್ಮನಿಗೆ ಗೊತ್ತಿಲ್ಲ.

ಸಂಜೆ ಕೆಲಸದಿಂದ ಬಂದ ಕೂಡಲೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಮಾತಾಡು" ಅನ್ನುತ್ತಾರೆ. ಏನು ಮಾತಾಡಲಿ ಅಂದರೆ "ಏನಾದ್ರೂ" ಅನ್ನುತ್ತಾರೆ. ಡಬ್ಬಿಯ ಉಪ್ಪಿನ ಹಾಗೆ ನನ್ನ ದನಿಯನ್ನು ತುಂಬಿಟ್ಟುಕೊಳ್ಳುತ್ತಿದ್ದಾರೆ. ನನ್ನ ದನಿ ಉಳಿಸಿಕೊಳ್ಳಬೇಕಂತೆ. ಅದು ನನ್ನ ದನಿ ತಾನೇ? ನನ್ನನ್ನು ಯಾರು ಕೇಳಿದರು?

ಗುಬ್ಬಿಯ ವಿಷಯ ಕೇಳಿ. ಅವಳದು ಕೀಚಲು ದನಿ, ಮುಂದಿನ ಹಲ್ಲು ಬೇರೆ ಬಿದ್ದಿವೆ. ಅವಳು ಹೇಳುವುದು ಒಂದೂ ಇವರಿಗೆ ತಿಳಿಯುವುದಿಲ್ಲ. ಬೇಜಾರಾಗಬಾರದು ಅಂತ ಎಲ್ಲಕ್ಕೂ ತಲೆಯಾಡಿಸುತ್ತಾರೆ. ಮಗು ಅದನ್ನು ಪತ್ತೆ ಮಾಡಿಬಿಟ್ಟಿದೆ. ಮೊನ್ನೆ ಊಟಕ್ಕೆ ಕೂತಾಗ, "ಅಪ್ಪಾ, ಇವತ್ತು ಆನೆ ಬಂದು ನಮ್ಮ ಸ್ಕೂಲ್ ಬಸ್ಸು ತಿಂದ್ಬಿಡ್ತು" ಅಂದಳು. ಇವರು, "ಹೌದಾ ಪುಟ್ಟಾ? ತುಂಬಾ ಚೆನ್ನಾಗಿದೆ" ಅಂದರು. ಅವಳು ನಗಲಿಲ್ಲ ಅತ್ತಿಗೆ. ತಟ್ಟೆ ನೋಡುತ್ತ ಕೂತಳು. ಈಗ ಏನು ಹೇಳುವುದಿದ್ದರೂ ನನ್ನ ಹತ್ತಿರ ಬಂದು "ಅಪ್ಪಂಗೆ ನೀನೇ ಹೇಳಮ್ಮ" ಅನ್ನುತ್ತಾಳೆ.

ನನ್ನ ಮಾತು ಇವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಮಾತಿಗೆ ಬೆಲೆಯಿದೆ. ಹಾಳು ಮಾಡಿದವರು ನೀವು ಅಂತ ನಾನು ಅನ್ನುವುದಿಲ್ಲ, ಆದರೆ ಸರಿಮಾಡಲು ಆಗುವುದು ನಿಮ್ಮಿಂದಲೇ. ನನ್ನ ದನಿ ತಗಡಿನ ಹಾಗೆ ಕೇಳಿದರೂ ಚಿಂತೆಯಿಲ್ಲ, ಕೇಳಲಿ.

ನಿಮ್ಮ ತಮ್ಮನ ಹೆಂಡತಿ


ಆಗಸ್ಟ್ ೧೬

ತಮ್ಮನಿಗೆ,

ಈ ಕಾಗದದಲ್ಲಿ ಸುಳ್ಳಿಲ್ಲ. ಅದಕ್ಕೇ ತಡವಾಯಿತು.

ಮೊದಲು ತಿದ್ದುಪಡಿ. ಖಳನಾಯಕನ ಮಾತಿನಲ್ಲಿ ಆಳವೂ ಇಲ್ಲ, ಅಗಲವೂ ಇಲ್ಲ. ಅಟ್ಟಿಸಿಕೊಂಡು ಹೋಗುವ ದೃಶ್ಯ ಈಗಲೂ ಉದ್ದವೇ. ಹೊಸ ದನಿ ಹಳೆಯ ದನಿಗಿಂತ ಕಡಿಮೆಯೇ. ಕ್ಯಾಪ್ಟನ್‌ಗೆ ವಿದಾಯ ಹೇಳುವ ಕಡೆ ಹಳಬಳಾಗಿದ್ದರೆ ಗದರಿಸುತ್ತಲೇ ಅಳಿಸುತ್ತಿದ್ದಳು, ಈಕೆ ಬರೀ ಅಳಿಸಲು ನೋಡುತ್ತಾಳೆ. ಅದು ನಷ್ಟ. ನಷ್ಟವನ್ನು ಲಾಭ ಅಂತ ನಾನು ಬರೆಯುವುದಿಲ್ಲ.

ಇನ್ನು ನಡೆದದ್ದು. ಮೂರನೇ ಸಲ ಹೋದೆ, ನಿನ್ನ ಭಾವನನ್ನೂ ಎಳೆದುಕೊಂಡು. ಹೊಸ ಹುಡುಗ ಮೆಕ್ಯಾನಿಕ್ಕು ನೌಕೆಯ ಬಾಗಿಲು ಅರ್ಧ ತೆರೆದಿಟ್ಟು ಒಳಗೆ ಬರುತ್ತಾನಲ್ಲ, ಆಗ ಅಜ್ಜಿ, "ಬಾಗಿಲು ಯಾರು ಹಾಕ್ತಾರೆ, ನಿಮ್ಮ ತಾತನಾ? ಇರೋದೇ ಒಂದಿಷ್ಟು ಗಾಳಿ" ಅನ್ನುತ್ತಾಳೆ. ನಾನು ಗೊಳ್ಳೆಂದು ನಕ್ಕೆ. ನಕ್ಕು ಮುಗಿಸಿ ಕಣ್ಣು ಒರೆಸಿಕೊಳ್ಳುವಾಗ ನೆನಪಾಯಿತು, ಹೇಳಿದವಳು ಹೊಸಬಳು ಅಂತ. ನನ್ನ ಮೇಲೆ ನನಗೇ ಸಿಟ್ಟು ಬಂತು, ಯಾವನೋ ಜೇಬಿಗೆ ಕೈ ಹಾಕಿದ್ದೂ ಗೊತ್ತಾಗಲಿಲ್ಲವಲ್ಲ ಅನ್ನುವ ಹಾಗೆ. ಮೊದಲೆರಡು ಸಲ ಅದೇ ಮಾತಿಗೆ ನಗು ಬಂದಿರಲಿಲ್ಲ. ಹಳೇ ದನಿ ಎಲ್ಲಿ ಎಲ್ಲಿ ಅಂತ ಹುಡುಕುತ್ತ ಕೂತವಳು ಅವಳು ಏನು ಹೇಳುತ್ತಿದ್ದಾಳೆ ಅಂತ ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಇನ್ನೊಂದು ಕೆಲಸ ಮಾಡಿದೆ. ಮೌನವೇ ವಾಸಿ ಅಂತ ಜಂಬದಿಂದ ಬರೆದವಳು ನಾನು, ಮೌನ ಹೇಗಿರುತ್ತದೆ ನೋಡೋಣ ಅಂತ. ಟೀವಿಯಲ್ಲಿ ಮೊದಲನೇ ಭಾಗ ಹಾಕಿ ಸದ್ದು ಪೂರ್ತಿ ಆರಿಸಿದೆ. ಏನೂ ತೊಂದರೆಯಾಗಲಿಲ್ಲ. ಅಜ್ಜಿಯ ಪ್ರತಿ ಮಾತೂ ತಲೆಯೊಳಗೆ ಕೇಳಿಸಿತು, ಕೆಮ್ಮು ಸಮೇತ. ನೋಡಿದೆಯಾ, ನಾನೇ ಗೆದ್ದೆ ಅಂದುಕೊಂಡೆ. ಆಮೇಲೆ ನಿನ್ನ ಭಾವ ಎದುರಿಗೆ ಬಂದು ನಿಂತು ಏನೋ ಹೇಳಿದರು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಮೇಲೆ ಶಾಲು ಸುತ್ತಿಕೊಂಡಿದ್ದೆ, ಪ್ರಯೋಗ ಅಂದಮೇಲೆ ಪೂರ್ತಿ ಇರಲಿ ಅಂತ. ಬಾಯಿ ಆಡುತ್ತಿದೆ, ಮಾತಿಲ್ಲ. ಅವರ ದನಿ ನನಗೆ ಅಜ್ಜಿಯ ದನಿಗಿಂತ ಚೆನ್ನಾಗಿ ಗೊತ್ತು. ತಲೆಯೊಳಗೆ ಕೇಳಿಸಿಕೊಳ್ಳಲು ನೋಡಿದೆ. ಕೇಳಿಸಿತು, ಆದರೆ ಕೇಳಿಸಿದ್ದು "ಹೇಗಿತ್ತೇ?", "ಕೀಲಿಕೈ ಎಲ್ಲಿಟ್ಟೆ?", ಹಳೆಯ ಮಾತುಗಳೇ. ಅವರು ಆಗ ಏನು ಹೇಳುತ್ತಿದ್ದರು ಅನ್ನುವುದು ಮಾತ್ರ ಬರಲಿಲ್ಲ. ಶಾಲು ಕಿತ್ತ ಮೇಲೆ ತಿಳಿಯಿತು, ಹಾಲು ಉಕ್ಕುತ್ತಿದೆ ಅನ್ನುತ್ತಿದ್ದರು. ಒಲೆ ಪೂರ್ತಿ ಹಾಲು.

ಅಲ್ಲೇ ಕೂತುಬಿಟ್ಟೆ ಕಣೋ. ನೀನು ತುಂಬಿಟ್ಟುಕೊಂಡ ದನಿ ಹಳೆಯ ಮಾತನ್ನೇ ಆಡುತ್ತದೆ. ಹೊಸ ಮಾತು ಆಡಲು ಅದಕ್ಕೆ ಬರುವುದಿಲ್ಲ. ನಿನ್ನ ಹೆಂಡತಿಯ ಇಷ್ಟು ವರ್ಷದ ಮಾತು ನಿನ್ನಲ್ಲಿದೆ, ಅದನ್ನು ಯಾವ ಡಾಕ್ಟರೂ ಕೊಯ್ದು ತೆಗೆಯಲಾರರು. ಆದರೆ ಗುಬ್ಬಿಗೆ ಆರು ವರ್ಷ. ಅವಳು ಹೇಳಬೇಕಾದದ್ದರಲ್ಲಿ ಹೆಚ್ಚಿನದನ್ನು ಅವಳು ಇನ್ನೂ ಹೇಳಿಯೇ ಇಲ್ಲ. ಅವಳ ದನಿ ಯಾವುದು ಅಂತ ಉಳಿಸಿಕೊಳ್ಳುತ್ತೀಯ? ಅದು ನಿನ್ನಲ್ಲಿ ಇರುವುದೇ ಇಲ್ಲವಲ್ಲ.

ನನ್ನ ಮೊದಲ ಕಾಗದ ನಿನ್ನ ಹತ್ತಿರ ಇದ್ದರೆ ತೆಗೆ. ಮೌನವೇ ವಾಸಿ ಅಂತ ಒಂದು ವಾಕ್ಯವಿದೆ. ಅದು ತಪ್ಪು, ಹೊಡೆದು ಹಾಕು. ಉಳಿದದ್ದೆಲ್ಲ ಹಾಗೇ ಇರಲಿ.

ಒಲೆ ಉಜ್ಜಿ ಕೈ ನೋಯಿಸಿಕೊಂಡ
ಅಕ್ಕ


ಸೆಪ್ಟೆಂಬರ್ ೩

ಅಕ್ಕಾ,

ವಾಕ್ಯ ಹೊಡೆದು ಹಾಕಿದ್ದೇನೆ. ಅಕ್ಟೋಬರ್ ಮಧ್ಯಕ್ಕೆ ದಿನ ಕೊಟ್ಟಿದ್ದಾರೆ. ಭಯವಂತೂ ಇದೆ.

ಬರುವಾಗ ಭಾವನನ್ನೂ ಕರೆದುಕೊಂಡು ಬಾ. ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆ ಮಾಡಲು ಅವರಷ್ಟು ಯೋಗ್ಯರು ಯಾರೂ ಇಲ್ಲ. ಅಡುಗೆಯವನ ಸಾವಿನ ವಿಷಯದಲ್ಲಿ ಮಾತ್ರ ನಾನು ಒಂದಿಂಚೂ ಅಲುಗುವುದಿಲ್ಲ.

ತಮ್ಮ


ಡಿಸೆಂಬರ್ ೧೯

ತಮ್ಮನಿಗೆ,

ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ನಿನ್ನನ್ನು ಬಿಟ್ಟು ಬಂದು ಎರಡು ತಿಂಗಳಾಯಿತು. ಯಂತ್ರ ಶುರು ಮಾಡಿ ಒಂದು ತಿಂಗಳ ಮೇಲಾಯಿತು. ನಿನ್ನಿಂದ ಒಂದು ಸಾಲಿಲ್ಲ. ನಿನ್ನ ಹೆಂಡತಿಗೆ ಮೆಸೇಜು ಕಳಿಸಿದರೆ "ಚೆನ್ನಾಗಿದ್ದಾರೆ ಅತ್ತಿಗೆ, ಸ್ವಲ್ಪ ಸಮಯ ಬೇಕಂತೆ" ಅನ್ನುತ್ತಾಳೆ. ಅವಳು ಒಳ್ಳೆಯವಳು, ಅದಕ್ಕೇ ನಂಬಲು ಹೆದರಿಕೆ.

ನಾನು ಹೇಳಿದ್ದು ತಪ್ಪಾಯಿತೇನೋ? ಒಂದು ಸಲ ಬೇಡ ಅನ್ನಿಸಿದವಳೂ ನಾನೇ, ಹೌದು ಅನ್ನಿಸಿದವಳೂ ನಾನೇ. ನಿನ್ನ ಕಿವಿಯ ವಿಷಯದಲ್ಲಿ ಇಷ್ಟು ಬಾಯಿ ಹಾಕಲು ನನಗೆ ಯಾರು ಅಧಿಕಾರ ಕೊಟ್ಟರು ಅಂತ ಕಾರಿನಲ್ಲಿ ಕೂತಾಗಲೆಲ್ಲ ಯೋಚನೆ. ಬೈಯುವುದಿದ್ದರೆ ಬೈದು ಬರೆ. ಮೂರು ಒಳ್ಳೆಯ ಮಾತೂ ಬೇಡ.

ಐದನೇ ಭಾಗ ಮಾಡುತ್ತಾರಂತೆ. ನನಗೆ ಯಾವ ಉತ್ಸಾಹವೂ ಇಲ್ಲ.

ಅಕ್ಕ


ಫೆಬ್ರವರಿ ೨

ಅಕ್ಕಾ,

ಸುಳ್ಳು ಬೇಡ ಅಂದವನು ನಾನೇ. ಅದಕ್ಕೇ ಬರೆಯದೆ ಕೂತಿದ್ದೆ.

ಯಂತ್ರ ಶುರು ಮಾಡಿದ ದಿನ ಇವಳು ಎದುರಿಗೆ ಕೂತು "ಕೇಳಿಸ್ತಾ ಇದೆಯಾ?" ಅಂದಳು. ತುಟಿ ನೋಡಿ ತಿಳಿದದ್ದು. ಕೇಳಿದ್ದು, ಮೆಟ್ಟಿಲ ಮೇಲಿಂದ ಚಮಚ ಉರುಳಿದ ಸದ್ದು. ಡಾಕ್ಟರು ಮಾತಾಡಿದರೂ ಚಮಚ, ಬೀದಿಯಲ್ಲಿ ನಾಯಿ ಬೊಗಳಿದರೂ ಚಮಚ. ಉಳಿದಿದ್ದ ಚೂರು ಪೂರ್ತಿ ಹೋಗಿತ್ತು. ಇವಳ ದನಿ ಹೋಯಿತು ಅಕ್ಕಾ. ಮನೆಗೆ ಬಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಲ್ಲಿಯ ಸದ್ದೂ ನಲ್ಲಿಯದಾಗಿರಲಿಲ್ಲ. ಆಗ ನಿನ್ನ ಮೇಲೆ ಬಹಳ ಕೋಪವಿತ್ತು. ಆ ಕೋಪದಲ್ಲಿ ಬರೆದಿದ್ದರೆ ನೀನು ಆ ಕಾಗದವನ್ನು ಜನ್ಮವಿಡೀ ಇಟ್ಟುಕೊಂಡು ಕೊರಗುತ್ತಿದ್ದೆ.

ದಿನಾ ಬೆಳಿಗ್ಗೆ ಇವಳು ಪೇಪರು ಓದುತ್ತಾಳೆ, ನಾನು ಕೇಳಿಸಿದ್ದನ್ನು ತಿರುಗಿ ಹೇಳುತ್ತೇನೆ. ಮೊದಲು ಹತ್ತು ಮಾತಿಗೆ ಒಂದೂ ಸಿಗುತ್ತಿರಲಿಲ್ಲ. "ಮಂತ್ರಿ" ಅಂದರೆ "ಕತ್ತರಿ" ಅನ್ನುತ್ತಿದ್ದೆ, ಗುಬ್ಬಿ ನೆಲದಲ್ಲಿ ಬಿದ್ದು ಹೊರಳುತ್ತಿದ್ದಳು. ಚಮಚಗಳ ನಡುವಿನಿಂದ ಮೆಲ್ಲಗೆ ಮಾತು ಬರತೊಡಗಿತು. ಇವಳ ದನಿ ಅಂತ ಈಗ ನಾನು ಕೇಳುವುದು ಬೇರೆಯೇ ಒಂದು. ಅದು ನನಗೆ ಇನ್ನೂ ಇಷ್ಟವಾಗಿಲ್ಲ. ಇವಳಿಗೂ ಹೇಳಿದ್ದೇನೆ. "ನಿಮ್ಮ ಗೊರಕೆ ನಂಗೂ ಇಷ್ಟ ಇಲ್ಲ, ಹನ್ನೆರಡು ವರ್ಷದಿಂದ ಕೇಳ್ತಾ ಇಲ್ವಾ?" ಅಂದಳು.

ಮೊನ್ನೆ ಟೀವಿಯಲ್ಲಿ ಮೊದಲನೇ ಭಾಗವನ್ನೂ ನಾಲ್ಕನೆಯದನ್ನೂ ಒಂದರ ಹಿಂದೆ ಒಂದು ನೋಡಿದೆ. ಹಳೇ ಅಜ್ಜಿ, ಹೊಸ ಅಜ್ಜಿ, ಇಬ್ಬರೂ ಬಕೆಟ್ಟಿನೊಳಗಿಂದ ಮಾತಾಡಿದ ಹಾಗಿದ್ದರು, ಯಾರು ಯಾರು ಅಂತ ಗೊತ್ತಾಗಲಿಲ್ಲ. ಊರಿನವರೆಲ್ಲ ಇನ್ನೂ ಬಡಿದಾಡುತ್ತಿರುವ ಈ ಜಗಳ ನನ್ನ ಪಾಲಿಗೆ ಮುಗಿಯಿತು. ಆದರೆ ವಿದಾಯದ ದೃಶ್ಯದಲ್ಲಿ ಹೊಸಬಳು ಅಳಿಸಲು ನೋಡುತ್ತಾಳೆ ಅಂದೆಯಲ್ಲ, ಅದು ಮಾತು ಬರೆದವನ ತಪ್ಪು, ಅವಳದಲ್ಲ. ದನಿಯ ಹಂಗಿಲ್ಲದೆ ಕೇಳಿದವನು ಹೇಳುತ್ತಿದ್ದೇನೆ, ನಂಬು. ಐದನೇ ಭಾಗ ಬಂದರೆ ನೀನು ಇಲ್ಲಿಗೇ ಬಾ, ಒಟ್ಟಿಗೆ ನೋಡೋಣ.

ಈ ಕಾಗದ ಇವತ್ತು ಬರೆಯುತ್ತಿರುವುದಕ್ಕೆ ಕಾರಣ ಬೇರೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಮಾಡಿಕೊಳ್ಳುತ್ತಿದ್ದೆ. ಗುಬ್ಬಿ ಒಳಗಿನ ಕೋಣೆಯಲ್ಲಿದ್ದಳು, ನನಗೆ ಕಾಣುತ್ತಿರಲಿಲ್ಲ.

"ಅಪ್ಪಾ, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?"

"ಮಂಚದ ಕೆಳಗೆ ನೋಡು" ಅಂದೆ.

ಅಂದ ಮೇಲೆ ಕೈಯಲ್ಲಿದ್ದ ರೇಜರು ಹಾಗೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಇವಳು ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಗುಬ್ಬಿಗೆ ಅದು ಯಾವ ದೊಡ್ಡ ವಿಷಯವೂ ಆಗಿರಲಿಲ್ಲ. ಮಂಚದ ಕೆಳಗೆ ಸಿಕ್ಕಿತು, ಹಾಕಿಕೊಂಡಳು, ಸ್ಕೂಲಿಗೆ ಹೋದಳು.

ನಿನ್ನ ತಮ್ಮ